ಪಿಸುಮಾತಿನ ಪರೀಕ್ಷೆ

ಇಲಕಲ್ಲಿನ ಶಾಲೆಯೊಂದರ ಸಭಾಂಗಣದಲ್ಲಿ ಮಾಜಿ ಸೈನಿಕರ ಆರೋಗ್ಯ ಶಿಬಿರ ನಡೆದ ದಿನ ನನಗೆ ಕೊಟ್ಟ ಕೆಲಸ ಸುಲಭದ್ದು. ಬಂದವರ ಹೆಸರು ಕೂಗುವುದು, ಡಾಕ್ಟರು ಹೇಳಿದ್ದನ್ನು ಅವರವರ ಕಾರ್ಡಿನಲ್ಲಿ ಬರೆಯುವುದು. ಮಿಲಿಟರಿ ನರ್ಸಿಂಗ್ ಸರ್ವಿಸಿನಿಂದ ನಿವೃತ್ತಳಾಗಿ ಯಾವ ಕಾಲವೋ ಆಗಿರುವ ಮುದುಕಿಗೆ ಇಷ್ಟು ಸಾಕು ಎಂದು ನಮ್ಮ ಸಂಘದವರು ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ನನ್ನ ಅಕ್ಕ ತೀರಿಕೊಂಡಿದ್ದಳು. ಬಾಗಲಕೋಟೆಯ ವಿದ್ಯಾಗಿರಿಯ ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ದುಃಖ ಅಂತ ಹೇಳಲಾರೆ, ದುಃಖಕ್ಕೆ ಒಂದು ರುಚಿಯಾದರೂ ಇರುತ್ತದೆ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟರೆ ದವಡೆಗೆ ಆಗುತ್ತದಲ್ಲ, ನನಗೆ ಆದದ್ದು ಅದು. ಕಂಪ್ಲೀಟ್ಲಿ ನಂಬ್, ಪೂರ್ತಿ ಮರಗಟ್ಟಿದ್ದು. ರೊಟ್ಟಿ ಮಾಡಿಕೊಡುವ ಹೆಣ್ಣುಮಗಳು ಹಳೆಯ ರೂಢಿಯಂತೆ ಇಬ್ಬರಿಗಾಗುವಷ್ಟು ತಂದಿಟ್ಟು ಹೋಗುತ್ತಿದ್ದಳು. ಒಬ್ಬಳಿಗೆ ಸಾಕು ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಉಳಿದದ್ದು ಡಬ್ಬಿಯಲ್ಲಿ ಕಡಕ್ ಆಗುತ್ತಾ ಕೂತಿರುತ್ತಿತ್ತು. ಸಂಘದ ಕೆಲಸಕ್ಕೆ ಬಾ ಎಂದರು, ಹೋದೆ. ಬರಬೇಡ ಎಂದಿದ್ದರೂ ನನಗೆ ಅಷ್ಟೇ ಆಗುತ್ತಿತ್ತು.

ಮಾಜಿ ಸೈನಿಕರ ಶಿಬಿರ ಒಂದು ವಿಚಿತ್ರ. ಬೇರೆ ಶಿಬಿರಗಳಲ್ಲಿ ಜನ ಇಲ್ಲದ ರೋಗವನ್ನೂ ಹೇಳಿಕೊಂಡು ಗುಳಿಗೆ ಇಸಿದುಕೊಂಡು ಹೋಗುತ್ತಾರೆ. ಇಲ್ಲಿ ಇರುವ ರೋಗವೂ ಹೊರಗೆ ಬರುವುದಿಲ್ಲ. ಬಾದಾಮಿ, ಹುನಗುಂದ, ಅಮೀನಗಡದ ಕಡೆಯಿಂದ ಬಂದವರೆಲ್ಲ ನುಣ್ಣಗೆ ಗಡ್ಡ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಯಾರೂ ಹೇಳದಿದ್ದರೂ ಎತ್ತರದ ಪ್ರಕಾರ ಸಾಲಾಗಿ ನಿಂತರು. ಹುನಗುಂದದ ಸುಬೇದಾರರೊಬ್ಬರು ಬಾತ ಮೊಣಕಾಲಿನಲ್ಲೇ ಬೈಠಕ್ ಹೊಡೆದು ತೋರಿಸಿ, ಬೆವರು ಒರೆಸಿಕೊಂಡು, ಏನೂ ಇಲ್ಲ ಸಾಬ್, ಠೀಕ್ ಹೈ ಅಂದರು. ಇನ್ನೊಬ್ಬರು ಕಣ್ಣಿನ ಚಾರ್ಟಿನ ಕಡೆಯ ಸಾಲನ್ನು ಅದರತ್ತ ತಿರುಗುವ ಮೊದಲೇ ಒಪ್ಪಿಸಿಬಿಟ್ಟರು. ಮುಂದೆ ಇದ್ದವರು ಓದುವುದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ತಪಾಸಣೆಗೆ ಬಂದಿದ್ದ ಹುಡುಗ ಡಾಕ್ಟರು, ಏನು ಮೇಡಂ, ಇಷ್ಟು ಆರೋಗ್ಯವಂತ ತಾಲೂಕು ನಾನು ನೋಡೇ ಇಲ್ಲ ಎಂದು ಹುಬ್ಬೇರಿಸಿದರು.

ನನಗೆ ಆಶ್ಚರ್ಯವಾಗಲಿಲ್ಲ. ಫೌಜಿನಲ್ಲಿ ಆಗಾಗ ಮೆಡಿಕಲ್ ನಡೆಯುತ್ತದೆ. ಯಾವ ಊನವೂ ಇಲ್ಲದವನಿಗೆ ಶೇಪ್ ವನ್ ಎಂಬ ದರ್ಜೆ. ಅದು ಹೋದರೆ ಬಡ್ತಿ ನಿಲ್ಲುತ್ತದೆ, ಒಳ್ಳೆಯ ಪೋಸ್ಟಿಂಗ್ ತಪ್ಪುತ್ತದೆ, ಪಲ್ಟನ್ನಿನಲ್ಲಿ ಮುಖ ಇರುವುದಿಲ್ಲ. ಜ್ವರ ಬಂತೆಂದು ಎರಡು ಸಲ ಸಿಕ್ ರಿಪೋರ್ಟ್ ಮಾಡಿದವನನ್ನು ಕಾಮಚೋರ ಅನ್ನುತ್ತಾರೆ. ಹಾಗಾಗಿ ಡಾಕ್ಟರ ಮುಂದೆ ನಿಂತ ಕೂಡಲೆ ಎದೆ ತಾನಾಗಿ ಉಬ್ಬುತ್ತದೆ, ಬಾಯಿ ತಾನಾಗಿ ಠೀಕ್ ಹೈ ಅನ್ನುತ್ತದೆ. ಮನುಷ್ಯ ರಿಟೈರ್ ಆದರೂ ಆ ಬಾಯಿ ರಿಟೈರ್ ಆಗುವುದಿಲ್ಲ.

ಮಧ್ಯಾಹ್ನ ಕಿವಿಯ ಪರೀಕ್ಷೆ. ಯಂತ್ರ ತಂದಿರಲಿಲ್ಲ, ಹಳೆಯ ಪದ್ಧತಿಯ ಪಿಸುಮಾತಿನ ಪರೀಕ್ಷೆ. ಪರೀಕ್ಷೆ ಮಾಡಿಸಿಕೊಳ್ಳುವವನು ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಡಾಕ್ಟರು ಇಪ್ಪತ್ತು ಅಡಿ ಹಿಂದಿನಿಂದ, ಉಸಿರಿನ ದನಿಯಲ್ಲಿ, ಹಿಂದಿಯ ಅಂಕಿಗಳನ್ನು ಹೇಳುತ್ತಾರೆ. ಅವನು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಬೇಕು. ಗುಡೂರಿನಿಂದ ಬಂದಿದ್ದ ಹವಾಲ್ದಾರರೊಬ್ಬರು, ತೋಪಖಾನೆಯಲ್ಲಿ ಇದ್ದವರು, ಒಂದೂ ತಪ್ಪದೆ ಹೇಳಿದರು. ಅವರ ಎದುರಿನ ಗೋಡೆಗೆ ಒರಗಿ ನಿಂತಿದ್ದ ಬಾದಾಮಿಯ ಗೆಳೆಯ ಶಾಬಾಸ್ ಎಂದು ಬೆನ್ನು ತಟ್ಟಿ ಕರೆದುಕೊಂಡು ಹೋದರು. ಡಾಕ್ಟರು ಹೇಳಿದಂತೆ ಕಾರ್ಡಿನಲ್ಲಿ ನಾರ್ಮಲ್ ಎಂದು ಬರೆದೆ.

ಅದೇ ವಾರ ಒಂದು ಹುಡುಗಿ ವಿದ್ಯಾಗಿರಿಯ ಸಂಘದ ಕೋಣೆಗೆ ಬಂದಳು. ಗುಡೂರಿನ ಹವಾಲ್ದಾರರ ಮಗಳು, ಪಿಯುಸಿ ಮುಗಿಸಿದವಳು. ಅಪ್ಪನ ಕಾರ್ಡನ್ನು ನನ್ನ ಮೇಜಿನ ಮೇಲೆ ಇಟ್ಟು, ಇದು ನಿಮ್ಮ ಅಕ್ಷರ ಏನ್ರಿ ಅಂತ ಕೇಳಿದಳು. ಹೌದು ಅಂದೆ.

“ನಮ್ಮ ಅಪ್ಪಗ ಏನೂ ಕೇಳ್ಸೂದಿಲ್ರಿ ಮೇಡಮ್ಮಾರ. ನೀವು ಕೇಳ್ತೈತಿ ಅಂತ ಬರದೀರಿ.”

ಕೂತುಕೊಂಡು ಹೇಳು ಅಂದೆ. ಕೂರಲಿಲ್ಲ. ನಿಂತೇ ಹೇಳಿದಳು. ಅವಳಿಗೆ ನರ್ಸಿಂಗ್ ಪದವಿ ಓದಬೇಕು. ಸೈನಿಕರ ಮಕ್ಕಳಿಗೆ ಅಲ್ಲಿ ಕೆಲವು ಸೀಟು ತೆಗೆದಿಟ್ಟಿರುತ್ತಾರೆ. ಆದರೆ ಅದರೊಳಗೂ ಮೇಲಿನ ಸಾಲು, ಕೆಳಗಿನ ಸಾಲು ಅಂತ ಇದೆ. ಸೇವೆಯಲ್ಲಿ ಅಂಗ ಊನವಾದವರ ಮಕ್ಕಳು ಮೇಲೆ. ಸುಖವಾಗಿ ನಿವೃತ್ತರಾದವರ ಮಕ್ಕಳು ಕೆಳಗೆ, ಅಲ್ಲಿಯ ತನಕ ಸೀಟು ಉಳಿದು ಬರುವುದೇ ಅಪರೂಪ. ಅಪ್ಪನ ಕಿವಿ ತೋಪಿನಿಂದಲೇ ಹೋಗಿದ್ದು ಎಂದು ಮಿಲಿಟರಿ ಮೆಡಿಕಲ್ ಬೋರ್ಡ್ ಬರೆದುಕೊಟ್ಟರೆ ಅವಳು ಮೇಲಿನ ಸಾಲಿಗೆ ಬರುತ್ತಾಳೆ. ಅದಕ್ಕೇ ಅಪ್ಪನನ್ನು ಶಿಬಿರಕ್ಕೆ ಕಳಿಸಿದ್ದಳು. ಈ ವರ್ಷ ಸೀಟು ಸಿಗದಿದ್ದರೆ ಮುಂದಿನ ವರ್ಷ ಅಂತ ಒಂದು ಇರುವುದಿಲ್ಲ ಎಂದೂ ಹೇಳಿದಳು. ತಾಯಿಯ ತಮ್ಮ ಕಾಯುತ್ತಿದ್ದಾನೆ, ಮಾತು ಆಗಿದೆ.

ನಿನಗೆ ಅಪ್ಪನ ಕಿವಿಯ ವಿಷಯ ಯಾವಾಗ ಗೊತ್ತಾಯಿತು ಅಂತ ಕೇಳಿದೆ.

“ಗೊತ್ತಾಗೂದೇನ್ ಐತ್ರಿ. ನಮ್ಮ ಮನ್ಯಾಗ ಎಲ್ಲಾರೂ ಎದುರಿಗೆ ನಿಂತs ಮಾತಾಡ್ತೀವಿ. ಎಲ್ಲಾರ ಮನ್ಯಾಗೂ ಹಂಗs ಅಂತ ತಿಳಕೊಂಡಿದ್ದೆ, ಹಾಸ್ಟೆಲಿಗೆ ಹೋಗೂ ತನಕ.”

ನಾನು ಗುಡೂರಿಗೆ ಹೋದೆ. ಬಸ್ಸು ಅಮೀನಗಡದಲ್ಲಿ ನಿಂತಾಗ ಎಲ್ಲರೂ ಕರದಂಟಿನ ಅಂಗಡಿಗೆ ಇಳಿದರು, ನಾನು ಕಿಟಕಿಯಲ್ಲಿ ಕೂತಿದ್ದೆ. ಹವಾಲ್ದಾರರ ಮನೆ ಬೀರಪ್ಪನ ಗುಡಿಯ ಹಿಂದೆ, ಅಂಗಳದ ತುಂಬ ಕುರಿಮರಿಗಳು. ಅವರು ಬೆನ್ನು ತಿರುಗಿಸಿ ಕಂಬಳಿ ಝಾಡಿಸುತ್ತಿದ್ದರು. ನಾನು ಬಾಗಿಲಲ್ಲಿ ಕೆಮ್ಮಿದೆ. ತಕ್ಷಣ ತಿರುಗಿ ಸೆಲ್ಯೂಟ್ ಹೊಡೆದರು. ಹುಡುಗಿ ಸುಳ್ಳು ಹೇಳಿದಳೇನೋ ಅನ್ನಿಸಿತು. ಆಗ ಅವರ ಹೆಂಡತಿ ನಕ್ಕು, ಕಾಲಬಳಿ ಮಲಗಿದ್ದ ನಾಯಿಯನ್ನು ತೋರಿಸಿದರು. ಅದರ ಕಿವಿ ನೆಟ್ಟಗಾದರೆ ಯಾರೋ ಬಂದರು ಅಂತ ಅವರು ತಿರುಗುತ್ತಾರೆ. ನಾಯಿಯನ್ನು ಹೊರಗೆ ಕಟ್ಟಿಸಿ, ಅವರ ಹಿಂದೆ ಒಂದು ಸ್ಟೀಲಿನ ತಾಟು ಬೀಳಿಸಿದೆ. ಕುರಿಮರಿಗಳು ಚದುರಿ ಓಡಿದವು. ಹವಾಲ್ದಾರರು ಕಂಬಳಿ ಮಡಚುತ್ತಲೇ ಇದ್ದರು.

ಎದುರಿಗೆ ಕೂತು ನಿಧಾನವಾಗಿ ಕೇಳಿದೆ, ಶಿಬಿರದಲ್ಲಿ ಹೇಗೆ ಪಾಸಾದಿರಿ ಅಂತ. ಅವರಿಗೆ ನಾಚಿಕೆಯೇನೂ ಆಗಲಿಲ್ಲ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ತೋಪು ಹಾರಿಸುವಾಗ ಬಾಯಿ ಮಾತು ನಡೆಯುವುದಿಲ್ಲ, ಅಂಕಿಗಳೆಲ್ಲ ಕೈಸನ್ನೆಯಲ್ಲೇ. ಬಾದಾಮಿಯ ಗೆಳೆಯ ಅದೇ ತೋಪಿನವರು, ಫೌಜಿನ ಲೆಕ್ಕದಲ್ಲಿ ಅವರ ಜೋಡಿದಾರ. ಕಿವಿ ಪರೀಕ್ಷೆಗೆ ಬೆನ್ನು ತಿರುಗಿಸಿ ನಿಂತವನ ಎದುರಿಗೆ, ಪಾಳಿ ಕಾಯುವವರ ಸಾಲು ಇರುತ್ತದೆ. ಆ ಸಾಲಿನಲ್ಲಿ ನಿಂತು ಜೋಡಿದಾರ ಬೆಲ್ಟಿನ ಹತ್ತಿರ ಬೆರಳು ಆಡಿಸುತ್ತಿದ್ದರು. ಇವರು ನೋಡಿ ಹೇಳುತ್ತಿದ್ದರು. ನೌಕರಿ ಮುಗಿಯುವ ತನಕ ಹೀಗೇ.

“ಅವಂದೂ ಹಂಗs ನಾ ಮಾಡತಿದ್ನಿರಿ,” ಅಂದರು. “ಅವಗ ಬೇಕಾಗಿರ್ಲಿಲ್ಲ ಬಿಡ್ರಿ, ಅವನ ಕಿವಿ ಛಲೋ ಅದಾವು. ಜೋಡಿ ಅಂದಮ್ಯಾಲ ನಾನೂ ಮಾಡಬೇಕಲ್ರಿ.”

ಆದರೆ ಮೊನ್ನೆ ಶಿಬಿರಕ್ಕೆ ಮಗಳು ಕಳಿಸಿದ್ದೇ ಕೇಳಿಸುವುದಿಲ್ಲ ಅಂತ ಬರೆಸಿಕೊಂಡು ಬರಲಿಕ್ಕೆ. ಅಲ್ಲೂ ಯಾಕೆ ಪಾಸಾದಿರಿ? ಅಂತ ಕೇಳಿದೆ.

“ಡಾಕ್ಟರ್ ಮುಂದ ನಿಂತಮ್ಯಾಲ ಫೇಲ್ ಆಗೂದು ಹೆಂಗ ಅಂತ ತಿಳೀಲಿಲ್ರಿ.”

ಇಲ್ಲಿಂದ ಮುಂದಿನದು ಪ್ರೊಸೀಜರ್. ಅದು ನನಗೆ ಬರುತ್ತಿತ್ತು. ಆ ದಿನಗಳಲ್ಲಿ ಅದೊಂದೇ ಬರುತ್ತಿತ್ತು ಅಂದರೂ ಸರಿ. ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆದು ಸರ್ವಿಸಿನ ಮೆಡಿಕಲ್ ಕಾಗದಗಳ ನಕಲು ತರಿಸಿದೆ. ಬೋರ್ಡಿಗೆ ಅರ್ಜಿ ತಯಾರು ಮಾಡಿದೆ. ಬಾಗಲಕೋಟೆಯಲ್ಲೇ ಒಂದು ಆಡಿಯೋಗ್ರಾಂ ಮಾಡಿಸಿದೆ. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಸಣ್ಣ ಶಬ್ದ ಕೇಳಿದಾಗ ಗುಂಡಿ ಒತ್ತಬೇಕು. ಅಲ್ಲಿ ಕೂಡ ಮೊದಲ ಸಲ ಹವಾಲ್ದಾರರು ಯಂತ್ರ ನಡೆಸುವ ಹುಡುಗಿಯ ಮೊಣಕೈ ಅಲುಗಿದಾಗಲೆಲ್ಲ ಗುಂಡಿ ಒತ್ತಿ ನಾರ್ಮಲ್ ಆಗಿ ಹೊರಗೆ ಬಂದರು. ಎರಡನೇ ಸಲ ಅವರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆವು. ಆಗ ಹಾಳೆಯ ಮೇಲಿನ ಗೆರೆ ಇಳಿಯಿತು. ಮೇಲಿನ ಸ್ವರಗಳಲ್ಲಿ ಗೆರೆ ಬಿದ್ದೇಹೋಗಿತ್ತು, ಎರಡೂ ಕಿವಿ. ದೊಡ್ಡ ಸದ್ದಿನ ಪಕ್ಕದಲ್ಲಿ ವರ್ಷಗಟ್ಟಲೆ ಇದ್ದವರದು ಹೀಗೇ ಬೀಳುತ್ತದೆ.

ರೆಕಾರ್ಡ್ ಆಫೀಸಿನ ನಕಲು ಬಂತು. ಪ್ರತಿ ವರ್ಷವೂ ಶ್ರವಣ ಸಂಪೂರ್ಣ ಸರಿ. ಕಡೆಯ ವರ್ಷ, ಮನೆಗೆ ಕಳಿಸುವಾಗಿನ ಮೆಡಿಕಲ್ಲಿನಲ್ಲೂ ಸರಿ. ಅಂದರೆ ಬೋರ್ಡಿನ ಕಣ್ಣಿಗೆ ಈ ಕಿವಿ ಹೋದದ್ದು ಮನೆಗೆ ಬಂದ ಮೇಲೆ, ವಯಸ್ಸಿನಿಂದ, ತೋಪಿನಿಂದ ಅಲ್ಲ. ಶ್ರವಣಯಂತ್ರ ಕೊಟ್ಟಾರು. ಆದರೆ ಮಗಳು ಕೆಳಗಿನ ಸಾಲಿನಲ್ಲೇ ಉಳಿಯುತ್ತಾಳೆ.

ಉಳಿದದ್ದು ಒಂದೇ ದಾರಿ. ಕೈಸನ್ನೆಯ ವಿಷಯವನ್ನು ಬೋರ್ಡಿಗೆ ಬರೆದು ತಿಳಿಸುವುದು. ಇವರ ಕಿವಿ ನೌಕರಿಯಲ್ಲಿದ್ದಾಗಲೇ ಹೋಗಿತ್ತು, ಜೋಡಿದಾರನ ಸಹಾಯದಿಂದ ಮುಚ್ಚಿಟ್ಟರು ಎಂದು. ಅಂದರೆ ಇಬ್ಬರೂ ತಮ್ಮ ಹೆಸರು ಹಾಕಿ, ನಾವು ಸರ್ಕಾರದ ಡಾಕ್ಟರಿಗೆ ವರ್ಷ ವರ್ಷ ಮೋಸ ಮಾಡಿದೆವು ಅಂತ ಹೇಳಬೇಕು.

ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದೆ. ನಿವೃತ್ತ ಕರ್ನಲ್, ಒಳ್ಳೆಯ ಮನುಷ್ಯ. ಪೂರ್ತಿ ಕೇಳಿ, “ಮೇಡಂ, ಪ್ಲೀಸ್ ಡೋಂಟ್,” ಅಂದರು. ಸುಳ್ಳು ಹೇಳಿ ಬಡ್ತಿ ಪಡೆದರು ಅಂತ ಯಾರಾದರೂ ಕೆದಕಿದರೆ ಇಬ್ಬರಿಗೂ ತೊಂದರೆ, ಮುಂದೆ ನಮ್ಮ ಜಿಲ್ಲೆಯಿಂದ ಹೋಗುವ ಒಬ್ಬೊಬ್ಬನ ಅರ್ಜಿಯನ್ನೂ ಬೋರ್ಡ್ ಸಂಶಯದಿಂದ ನೋಡುತ್ತದೆ ಅಂದರು. ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಫೋನ್ ಇಟ್ಟು ನಾನು ಪತ್ರ ಬರೆಯಲು ಕೂತೆ. ಆಮೇಲೆ ಸಂಘದಲ್ಲಿ ಕೆಲವರು ಇದನ್ನು ಧೈರ್ಯ ಅಂದರು. ಖರೆ ಹೇಳಬೇಕೆಂದರೆ ಧೈರ್ಯಕ್ಕೆ ಮೊದಲು ಭಯ ಬೇಕು, ನನ್ನಲ್ಲಿ ಅದು ಇರಲಿಲ್ಲ. ಅಕ್ಕ ಇದ್ದಿದ್ದರೆ, ಬೇರೆಯವರ ಉಸಾಬರಿ ನಿನಗ್ಯಾಕ ಅಂತ ಒಂದು ಮಾತು ಅನ್ನುತ್ತಿದ್ದಳು, ನಾನು ಎರಡು ದಿನ ಯೋಚಿಸುತ್ತಿದ್ದೆ. ಅನ್ನುವವರು ಇರಲಿಲ್ಲ. ಕಾನ್ವೆಂಟಿನ ಮದರ್ ಕಲಿಸಿದ ದುಂಡು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಇದ್ದದ್ದು ಇದ್ದ ಹಾಗೆ ಬರೆದೆ. ಪೆನ್ನು ಎಲ್ಲೂ ನಿಲ್ಲಲಿಲ್ಲ. ಸಹಿಯ ಎರಡು ಜಾಗ ಖಾಲಿ ಬಿಟ್ಟೆ.

ಒಂದು ಸಹಿ ಬಾದಾಮಿಯಲ್ಲಿತ್ತು. ಅಲ್ಲಿ ಜೋಡಿದಾರ ಒಂದು ಶಾಲೆಯ ಗೇಟಿನಲ್ಲಿ ಕಾವಲುಗಾರ. ಮಕ್ಕಳು ಬಿಡುವ ಹೊತ್ತಿಗೆ ಹೋಗಿದ್ದೆ. ಒಂದೊಂದು ಮಗುವನ್ನೂ ಗದ್ದ ಹಿಡಿದು ಮುಖ ಮೇಲೆ ಮಾಡಿಸಿ, ಯಾರ ಜೊತೆ ಹೊಂಟಿ ಅಂತ ವಿಚಾರಿಸಿ ಬಿಡುತ್ತಿದ್ದರು. ಎಷ್ಟು ಕಾಳಜಿ ಅಂದುಕೊಂಡೆ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ತಾವು ಎದುರಿಗೆ ಕೂತು, ಗುಡೂರಿನವರ ಮೇಲೆ ಚಾಡಿ ಹೇಳಲು ಶುರು ಮಾಡಿದರು.

“ಅವ ಕಿವುಡ ಆಗಿ ಭಾಳ ವರ್ಷ ಆತ್ರಿ ಅಕ್ಕೋರ. ನಾ ಇಲ್ಲಂದಿದ್ರ ಅವ ಎಲ್ಲೀ ಹವಾಲ್ದಾರ? ಇನ್ನೂ ತೋಪಿನ ನಳಿಗಿ ವರಸ್ಕೋಂತ ಇರ್ತಿದ್ದ.”

ಚೀಲದಿಂದ ಪತ್ರ ತೆಗೆಯುತ್ತಾ, ಸಹಿ ಮಾಡುತ್ತೀರಾ ಅಂತ ಕೇಳಿದೆ. ಉತ್ತರ ಬರಲಿಲ್ಲ. ಹಿಂಜರಿಯುತ್ತಿದ್ದಾರೆ ಎಂದುಕೊಂಡು ಪತ್ರ ಅವರ ಕೈಗಿಟ್ಟು, ಪರಿಣಾಮ ಏನಾಗಬಹುದು ಅಂತ ಒಂದೊಂದಾಗಿ ವಿವರಿಸಿದೆ. ನಡುವೆಯೇ ಪೆನ್ನು ಕೇಳಿದರು. ಅವನ ಮಗಳು ಹುಟ್ಟಿದಾಗ ತಾರು ಬಂದದ್ದನ್ನು ನಾನೇ ಅವನಿಗೆ ಓದಿ ಹೇಳಿದ್ದು ಅಂದರು, ಅಷ್ಟೇ.

ಇನ್ನೊಂದು ಸಹಿಯೇ ಕಷ್ಟದ್ದು. ಹವಾಲ್ದಾರರು ಪತ್ರದ ಅರ್ಥ ತಿಳಿದ ಮೇಲೆ ಅದನ್ನು ಮಡಚಿ ನನ್ನ ಮಡಿಲಲ್ಲಿಟ್ಟರು. ಸುಳ್ಳು ಹೇಳಿ ಮೇಲೆ ಬಂದವನು ಅಂತ ನನ್ನ ಕೈಯಿಂದಲೇ ಬರೆಸುತ್ತೀರೇನು ಅಂತ ಕೇಳಿದರು. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ತಾಯಿ ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡಿದರು, ಅದು ನಮಗೆ ಮಾತ್ರ ಕೇಳಿಸಿತು. ನಾನು ಎದ್ದು ಬಂದೆ. ಅರ್ಜಿ ಹಾಕುವ ಗಡುವು ಹತ್ತಿರವಾಗಿತ್ತು, ಇದು ಇಲ್ಲಿಗೆ ಮುಗಿಯಿತು ಅನ್ನಿಸಿತು. ಅದೂ ಏನೂ ಅನ್ನಿಸಲಿಲ್ಲ.

ಬಾದಾಮಿಯವರಿಗೆ ಸುದ್ದಿ ಹೇಗೆ ಮುಟ್ಟಿತೋ, ಮರುದಿನ ಶಾಲೆಗೆ ರಜೆ ಹಾಕಿ ನೇರ ವಿದ್ಯಾಗಿರಿಗೆ ಬಂದು, ನಡೀರಿ ಅಕ್ಕೋರ ಅಂತ ನನ್ನನ್ನು ಮತ್ತೆ ಗುಡೂರಿಗೆ ಹೊರಡಿಸಿದರು. ಹವಾಲ್ದಾರರು ಕುರಿ ಬಿಟ್ಟುಕೊಂಡು ಹೊಲದ ಬದುವಿನಲ್ಲಿ ಕೂತಿದ್ದರು. ಇವರು ಹೋಗಿ ಅವರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

“ಏನಲೇ, ಶೇಪ್ ವನ್. ಯಾರಿಗೆ ತೋರ್ಸಾಕ ಇಟ್ಕೊಂಡು ಕುಂತಿ ಅದನ್ನ? ಕುರಿಗೋಳ ಮೆಡಿಕಲ್ ಐತೇನು?”

“ನಿನಗೇನ್ಲೇ, ನಿನ್ನ ಕಿವಿ ಗಟ್ಟಿ ಅದಾವು.”

ಬಾದಾಮಿಯವರು ಸೊಂಟದ ಮೇಲಿನ ಕೈ ಇಳಿಸಿದರು. ಆಮೇಲೆ, ನಾ ಸಹಿ ಮಾಡೀನಿ, ಕಳ್ಳ ಅಂತ ಬರದ್ರ ಇಬ್ಬರ ಹೆಸರೂ ಬರೀತಾರ, ಜೋಡಿ ಮುರೀಬ್ಯಾಡ ಅಂದರು. ಹವಾಲ್ದಾರರು ಕುರಿಗಳನ್ನು ಒಮ್ಮೆ ನೋಡಿದರು. ಸಹಿಯನ್ನು ನನ್ನ ಬೆನ್ನ ಮೇಲೆ ಕಾಗದ ಇಟ್ಟುಕೊಂಡು ಮಾಡಿದರು, ಅಲ್ಲಿ ಬೇರೆ ಗಟ್ಟಿ ಜಾಗ ಇರಲಿಲ್ಲ.

ಬೋರ್ಡ್ ಸೇರಿದ್ದು ದೂರದ ಕಂಟೋನ್ಮೆಂಟಿನ ಆಸ್ಪತ್ರೆಯಲ್ಲಿ. ನಾವು ಮೂವರೂ ಹೋದೆವು. ಹಳೆಯ ಅಧಿಕಾರಿ ಅಂತ ನನ್ನನ್ನು ಒಳಗೆ ಮೂಲೆಯ ಕುರ್ಚಿಯಲ್ಲಿ ಕೂರಲು ಬಿಟ್ಟರು. ಫಿನೈಲಿನ ಅದೇ ವಾಸನೆ, ಹಾಸಿಗೆಯ ಅದೇ ಬಿಗಿ ಮೂಲೆಗಳು. ಒಂದು ಕಾಲದಲ್ಲಿ ಇಷ್ಟಕ್ಕೇ ನನ್ನ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತಿತ್ತು.

ಬೋರ್ಡಿನ ಅಧ್ಯಕ್ಷರಾಗಿದ್ದ ಕರ್ನಲ್ ಡಾಕ್ಟರು ನನ್ನ ಪತ್ರವನ್ನು ಎರಡು ಸಲ ಓದಿದರು. ಅವರ ಯಂತ್ರದಲ್ಲೂ ಹವಾಲ್ದಾರರ ಗೆರೆ ಬಿದ್ದಿತ್ತು, ಆ ಬಗ್ಗೆ ಸಂಶಯವಿರಲಿಲ್ಲ. ಆದರೆ ಅದು ನೌಕರಿಯಲ್ಲಿ ಆದದ್ದು ಎಂದು ನಂಬುವುದು ಹೇಗೆ? ಇಷ್ಟೊಂದು ಡಾಕ್ಟರುಗಳ ಕಣ್ಣು ತಪ್ಪಿಸಿ ಇಪ್ಪತ್ತು ಅಡಿಯಲ್ಲಿ ಪಿಸುಮಾತು ಹೇಳಿದ್ದಾರೆಂದರೆ ನಾನು ನೋಡಬೇಕು, ಮಾಡಿ ತೋರಿಸಿ ಅಂದರು. ಅಪಹಾಸ್ಯ ಇರಲಿಲ್ಲ, ಕುತೂಹಲವೂ ಇರಲಿಲ್ಲ. ಕೆಲಸದ ದನಿ.

ಹವಾಲ್ದಾರರು ಬೆನ್ನು ತಿರುಗಿಸಿ ಅಟೆನ್ಶನ್ನಿನಲ್ಲಿ ನಿಂತರು. ಬಾದಾಮಿಯವರು ಎದುರಿನ ಗೋಡೆಗೆ ಹೋದರು. ಡಾಕ್ಟರು ಹಿಂದಿನಿಂದ ಉಸಿರಿನಲ್ಲಿ ಅಂಕಿ ಹೇಳಿದರು. ಬೆಲ್ಟಿನ ಹತ್ತಿರ ಬೆರಳು ಆಡಿತು. ಛಿಯಾಸಠ್, ಅಂದರು ಹವಾಲ್ದಾರರು. ಮತ್ತೊಂದು. ಮತ್ತೊಂದು. ಎಲ್ಲ ಸರಿ. ನನಗೆ ವಿಷಯ ಗೊತ್ತಿದ್ದೂ ಬೆರಳು ಆಡಿದ್ದು ಸರಿಯಾಗಿ ಕಾಣಲಿಲ್ಲ, ಅಷ್ಟು ಸಣ್ಣ ಚಲನೆ.

ಡಾಕ್ಟರು ಸುತ್ತ ನೋಡಿದರು. ಎದುರಿನ ಔಷಧಿ ಕಪಾಟಿಗೆ ಗಾಜಿನ ಬಾಗಿಲು ಇತ್ತು. ಅದರಲ್ಲಿ ತಮ್ಮ ತುಟಿ ಕಂಡು ಹವಾಲ್ದಾರರೇ ಓದುತ್ತಿರಬಹುದು ಎಂದು ಅವರಿಗೆ ಅನುಮಾನ ಬಂದಿರಬೇಕು. ಮೇಜಿನ ಮೇಲಿದ್ದ ಫೈಲನ್ನು ಎತ್ತಿ ತಮ್ಮ ಬಾಯಿಗೆ ಅಡ್ಡ ಹಿಡಿದು ಇನ್ನೊಂದು ಅಂಕಿ ಹೇಳಿದರು.

ಬಾದಾಮಿಯವರ ಬೆರಳು ಆಡಲಿಲ್ಲ.

ಡಾಕ್ಟರು ಇನ್ನೊಮ್ಮೆ ಹೇಳಿದರು, ಸ್ವಲ್ಪ ಜೋರಾಗಿ, ಮೂಲೆಯಲ್ಲಿದ್ದ ನನಗೇ ಕೇಳಿಸುವಷ್ಟು. ಬಾದಾಮಿಯವರು ಫೈಲನ್ನೇ ನೋಡುತ್ತಾ ನಿಂತಿದ್ದರು. ಹಿಂದೆ ಏನು ನಡೆಯುತ್ತಿದೆ ಅಂತ ಹವಾಲ್ದಾರರಿಗೆ ಕಾಣುವಂತಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಗೆಳೆಯನ ನಿಂತ ಕೈ ಮಾತ್ರ.

“ಯಾಕಲೇ,” ಅಂದರು, ಕಿವುಡರ ದೊಡ್ಡ ದನಿಯಲ್ಲಿ. “ಹೇಳಲೇ.”

“ಏನ್ ಹೇಳ್ಲಿ,” ಅಂದರು ಬಾದಾಮಿಯವರು. “ನನಗೂ ಕೇಳ್ಸೂದಿಲ್ಲಲೇ.”

ಹವಾಲ್ದಾರರು ಆ ತುಟಿಗಳನ್ನು ಓದಿದರು. ಅಟೆನ್ಶನ್ ಬಿಡಲಿಲ್ಲ. ಎಂದಿನಿಂದ ಅಂತ ಕೇಳಿದರು. ನಿನ್ನಂಗs ಅಂತ ಉತ್ತರ ಬಂತು. ಡಾಕ್ಟರ ತುಟಿ ನೋಡಿ ನಿನಗೆ ಹೇಳುತ್ತಿದ್ದೆ, ಅಷ್ಟೇ. ನನ್ನ ಪಾಳಿಯಲ್ಲಿ ನೀನೂ ಹಾಗೇ ತುಟಿ ನೋಡಿ ಹೇಳುತ್ತಿದ್ದೆಯಲ್ಲ, ಸುಮ್ಮನೆ ಜೋಡಿ ಅಂತ, ಅದು ನನಗೆ ಖರೇನೇ ಬೇಕಾಗಿತ್ತು.

ಡಾಕ್ಟರು ಫೈಲು ಕೆಳಗಿಟ್ಟರು. ನಡೆದುಕೊಂಡು ಹೋಗಿ ಇಬ್ಬರಿಗೂ ಮುಖ ಕಾಣುವ ಹಾಗೆ ನಿಂತು, ಬಾದಾಮಿಯವರನ್ನೂ ಯಂತ್ರದ ಕೋಣೆಗೆ ಹೋಗಲು ನಿಧಾನವಾಗಿ ಹೇಳಿದರು. ಅವರ ಹಾಳೆ ಬಂದಾಗ ಅದನ್ನು ಹವಾಲ್ದಾರರ ಹಾಳೆಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ನನ್ನನ್ನು ಕರೆದು ತೋರಿಸಿದರು. ಎರಡು ಗೆರೆ ಹೆಚ್ಚುಕಡಿಮೆ ಒಂದರ ಮೇಲೊಂದು ಬಿದ್ದಿದ್ದವು. ಒಂದೇ ತೋಪು, ಅದರ ಎರಡು ಬದಿ. ವಯಸ್ಸಾದ ಕಿವಿ ಒಬ್ಬೊಬ್ಬರದು ಒಂದೊಂದು ಥರ ಹೋಗುತ್ತದೆ, ಇಬ್ಬರದು ಇಷ್ಟು ಒಂದೇ ಹಾಗೆ ಹೋಗುವುದಿಲ್ಲ ಅಂದರು. ಮೋಸದ ವಿಷಯ ಏನು ಮಾಡುತ್ತೀರಿ ಅಂತ ನಾನೇ ಕೇಳಿದೆ.

“ಸಿಸ್ಟರ್, ನನ್ನನ್ನು ಕೇಳಿರುವುದು ಕಿವಿಯ ಬಗ್ಗೆ,” ಅಂದರು. ಕೂತು ಬರೆಯತೊಡಗಿದರು.

ವಾಪಸು ಬರುವಾಗ ಅಮೀನಗಡದ ತನಕ ಹವಾಲ್ದಾರರು ಗೆಳೆಯನ ಕಡೆ ನೋಡಲಿಲ್ಲ. ನೋಡದಿದ್ದರೆ ಅವರಿಬ್ಬರ ಮಧ್ಯೆ ಮಾತು ಸಾಧ್ಯವೇ ಇಲ್ಲ ಎಂಬುದು ನನಗೆ ಆಗ ಹೊಳೆಯಿತು. ಬಸ್ಸು ನಿಂತಾಗ ಹವಾಲ್ದಾರರು ಇಳಿದು ಹೋಗಿ ಕರದಂಟು ಕಟ್ಟಿಸಿಕೊಂಡು ಬಂದು, ಗೆಳೆಯನ ಮುಂದೆ ಹಿಡಿದು, ಇಷ್ಟು ವರ್ಷ ಒಬ್ಬ ಕಿವುಡನ ಮಾತು ಕೇಳಿ ನೌಕರಿ ಮಾಡಿದೆನಲ್ಲಲೇ ಅಂದರು. ಬಾದಾಮಿಯವರು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಪಾಸಾಗಿದ್ದಿಲ್ಲೋ ಅಂದರು.

ಬೋರ್ಡಿನ ಅಭಿಪ್ರಾಯ ಮೇಲಿನ ಕಚೇರಿಗೆ ಹೋಗಿ, ಒಪ್ಪಿಗೆಯಾಗಿ, ಪ್ರಮಾಣಪತ್ರವಾಗಿ ಬರಬೇಕಿತ್ತು. ಸೀಟು ಹಂಚಿಕೆಯ ಮೊದಲ ಸುತ್ತು ಅಷ್ಟರಲ್ಲಿ ಮುಗಿಯಿತು. ಎರಡನೆಯದೂ ಮುಗಿಯಿತು. ಹುಡುಗಿ ವಾರಕ್ಕೊಮ್ಮೆ ಬಂದು, ಏನೂ ಕೇಳದೆ, ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹೋಗುತ್ತಿದ್ದಳು. ಅವಳ ಸೋದರಮಾವ ಬಂದು ಸೀರೆಯ ಮಾತಾಡಿ ಹೋದ ಅಂತ ಒಂದು ಸಲ ಹೇಳಿದಳು. ನಾನು ಕಚೇರಿಗಳಿಗೆ ಫೋನ್ ಮಾಡಿದೆ, ಮೇಲ್ ಕಳಿಸಿದೆ, ಮತ್ತೆ ಫೋನ್ ಮಾಡಿದೆ. ಪ್ರಮಾಣಪತ್ರ ಬಂದದ್ದು ಕಡೆಯ ಸುತ್ತಿಗೆ ಮೊದಲು. ಅದನ್ನು ಕೈಯಲ್ಲಿ ಹಿಡಿದಾಗ ಸಂತೋಷವಾಗಬೇಕಿತ್ತು. ಜೆರಾಕ್ಸ್ ಮಾಡಿಸಿ ಫೈಲಿಗೆ ಸೇರಿಸಿದೆ.

ದಾಖಲೆ ಪರಿಶೀಲನೆಯ ದಿನ ಕೇಂದ್ರದಲ್ಲಿ ಭಾಳ ಗದ್ದಲ. ಮಾಜಿ ಸೈನಿಕರು ಖುದ್ದಾಗಿ ಮಗುವಿನ ಜೊತೆ ಹೋಗಿ, ಅಧಿಕಾರಿ ಕೇಳಿದ್ದಕ್ಕೆ ಉತ್ತರ ಕೊಡಬೇಕು, ಬೇರೆ ಯಾರನ್ನೂ ಒಳಗೆ ಬಿಡುವುದಿಲ್ಲ. ಬಾದಾಮಿಯವರೂ ನಾನೂ ಗಾಜಿನ ಬಾಗಿಲ ಹೊರಗೆ ನಿಂತೆವು. ಒಳಗಿನ ಮಾತು ನನಗೂ ಕೇಳುತ್ತಿರಲಿಲ್ಲ. ಅವತ್ತು ನಾವೆಲ್ಲ ಒಂದೇ. ಶ್ರವಣಯಂತ್ರ ಇನ್ನೂ ಮಂಜೂರಾಗಿ ಬಂದಿರಲಿಲ್ಲ.

ಮೇಜಿನ ಹಿಂದಿದ್ದ ಅಧಿಕಾರಿ ದಣಿದಿದ್ದರು. ಕಂಪ್ಯೂಟರಿನಿಂದ ತಲೆ ಎತ್ತದೆ ಏನೋ ಕೇಳಿದರು. ಹವಾಲ್ದಾರರು ಅಟೆನ್ಶನ್ನಿನಲ್ಲಿ ನಿಂತಿದ್ದರು. ಅಧಿಕಾರಿ ಇನ್ನೊಮ್ಮೆ ಕೇಳಿದ್ದು ಭುಜದ ಚಲನೆಯಿಂದ ಗೊತ್ತಾಯಿತು. ಮಗಳು ಬಾಯಿ ತೆರೆದಳು. ಅಧಿಕಾರಿ ಕೈ ಎತ್ತಿ ತಡೆದರು. ಹಿಂದಿನ ಸಾಲಿನವರು ಮುಂದೆ ಒತ್ತಿದರು. ಪಕ್ಕದ ಸಿಬ್ಬಂದಿ ಇವರ ಫೈಲನ್ನು ಮುಚ್ಚಿ ಬದಿಗೆ ಸರಿಸಿದ.

ಹವಾಲ್ದಾರರು ಮೆಲ್ಲಗೆ ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿದರು. ನನ್ನನ್ನಲ್ಲ, ಪಕ್ಕದವರನ್ನು. ಬಾದಾಮಿಯವರು ಗಾಜಿಗೆ ಮೂಗು ತಾಗುವಷ್ಟು ಬಾಗಿ ಅಧಿಕಾರಿಯ ಮುಖ ಹುಡುಕಿದರು. ಅಲ್ಲಿ ಕಾಣುತ್ತಿದ್ದದ್ದು ನಡುನೆತ್ತಿ ಮಾತ್ರ. ಎರಡೂ ಕೈ ಎತ್ತಿ, ಬರಿ ಅಂಗೈ ತೋರಿಸಿದರು.

ಹವಾಲ್ದಾರರು ಮತ್ತೆ ಮೇಜಿನತ್ತ ತಿರುಗಿದರು. ಬಹಳ ಹೊತ್ತಲ್ಲ, ಆದರೂ ನನಗೆ ನನ್ನ ಉಸಿರು ನಿಂತದ್ದು ಗೊತ್ತಾಯಿತು. ಎಷ್ಟೋ ತಿಂಗಳ ಮೇಲೆ ಏನೋ ಒಂದು ಗೊತ್ತಾಯಿತು. ಆಮೇಲೆ ಅವರ ಬೆನ್ನು ಸ್ವಲ್ಪ ಸಡಿಲವಾಯಿತು. ಏನೋ ಹೇಳಿದರು.

ಏನು ಹೇಳಿದರು ಅಂತ ಹೊರಗೆ ಬಂದ ಮೇಲೆ ಹುಡುಗಿಯನ್ನು ಕೇಳಿದೆ.

“‘ನನಗ ಕೇಳ್ಸೂದಿಲ್ರಿ ಸಾಹೇಬ್ರ, ಮುಖಾ ಎತ್ತಿ ಹೇಳ್ರಿ’ ಅಂದ್ರು.”

“ಆಮೇಲೆ?”

“ಆಮ್ಯಾಲೇನ್ ಇಲ್ರಿ. ಅವರು ಮುಖಾ ಎತ್ತಿದ್ರು. ಸೀಟ್ ಕೊಟ್ರು.”